ಮೂರನೇ ಸಾಲಿನ ಮನುಷ್ಯ

ಗೋದಾಮಿನಲ್ಲಿ ಹದಿನಾಲ್ಕು ವರ್ಷ ಗುಮಾಸ್ತನಾಗಿದ್ದವನು ಭಾಷಣಕಾರನಾದದ್ದು ಒಂದು ಬೀಳ್ಕೊಡುಗೆಯಿಂದ. ಮುದುಕ ಕಾವಲುಗಾರ ಕೆಲಸ ಬಿಟ್ಟ ದಿನ ಮಾತಾಡಲು ಯಾರೂ ಏಳದಿದ್ದಾಗ ಇವನು ಎದ್ದು ನಿಂತ. ಲಾರಿ ಚಾಲಕರೂ ಕಣ್ಣೊರೆಸಿಕೊಂಡರು. "ನಿನ್ನ ಮಾತಲ್ಲಿ ಏನೋ ಇದೆ ಕಣಯ್ಯಾ" ಎಂದು ಯಾರೋ ಬೆನ್ನು ತಟ್ಟಿದರು. ಆ ಮಾತು ತಲೆಯಲ್ಲಿ ಬೇರುಬಿಟ್ಟಿತು. ಗೋದಾಮು ಬಿಟ್ಟು ಈಗ ಎರಡು ವರ್ಷ.

ಅಂದಿನಿಂದ ಅವನು ಮಾತಾಡದ ಜಾಗವಿಲ್ಲ. ಗ್ರಂಥಾಲಯ, ನರ್ಸಿಂಗ್ ಕಾಲೇಜು, ಬ್ಯಾಂಕಿನ ಮಹಡಿ. ಕರೆದವರೆಲ್ಲ ಹೇಳುತ್ತಿದ್ದುದು ಒಂದೇ: "ಸಂಭಾವನೆ ಅಂತ ಏನೂ ಇಲ್ಲ ಸಾರ್, ಆದ್ರೆ ನಾಲ್ಕು ಜನರ ಪರಿಚಯ ಆಗುತ್ತೆ." ಆ ನಾಲ್ಕು ಜನ ಇನ್ನೊಂದು ಕಡೆಗೆ ಕರೆಯುತ್ತಿದ್ದರು, ಅಲ್ಲೂ ಪುಕ್ಕಟೆ. ಗಾಜಿನ ನೆನಪಿನ ಕಾಣಿಕೆಗಳು ಶೋಕೇಸು ತುಂಬಿ ಮಂಚದಡಿ ಸೇರಿದ್ದವು. ಮೊನ್ನೆ ಹೆಂಡತಿ ಅದರಲ್ಲೊಂದನ್ನು ಗಾಳಿಗೆ ಹೊಡೆದುಕೊಳ್ಳುತ್ತಿದ್ದ ಬಾಗಿಲಿಗೆ ಒತ್ತಾಗಿ ಇಟ್ಟಿದ್ದಳು.

ಅವಳು ಔಷಧಿ ಕಾರ್ಖಾನೆಯಲ್ಲಿ ಡಬ್ಬಿ ತುಂಬುವವಳು. ಅವನು ಕೆಲಸ ಬಿಟ್ಟ ಮೇಲೆ ಎರಡನೇ ಪಾಳಿಯನ್ನೂ ಹಿಡಿದಿದ್ದಳು. ನಿಂತು ನಿಂತು ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು.

ಶನಿವಾರ ಬೆಳಿಗ್ಗೆ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತ ಕೇಳಿದಳು: "ಇವತ್ತಾದ್ರೂ ಏನಾದ್ರೂ ಗಿಟ್ಟುತ್ತೇನ್ರೀ, ಇಲ್ಲಾ ಇನ್ನೊಂದು ಗಾಜಿನ ತುಂಡಾ?"

"ಇವತ್ತು ಬರೋರೇ ಬೇರೆ ಕಣೇ. ಪಂಪ್ ಕಂಪನೀಲಿ ತರಬೇತಿ ವಿಭಾಗದ ಮುಖ್ಯಸ್ಥರು. ಅಂಥೋರು ದುಡ್ಡು ಕೊಟ್ಟೇ ಕರೆಸೋದು. ನಾನೇನ್ ಹಾಕಿದ್ರೂ ಮೊದಲ ಲೈಕ್ ಅವರದೇ. ಭಾಷಣ ಕೇಳ್ತೀನಿ, ಆಮೇಲೆ ಒಂದು ವಿಷಯ ಮಾತಾಡ್ಬೇಕು ಅಂತ ಬರೆದಿದಾರೆ."

"ಹಾಗಾದ್ರೆ ಎರಡನೇ ಪಾಳಿ ಬಿಡ್ತೀನಿ ಅಂತ ಸೂಪರ್‌ವೈಸರ್ ಮೇಡಮ್‌ಗೆ ಹೇಳ್ಬಿಡ್ಲಾ? ಮುಂದಿನ ತಿಂಗಳ ಪಾಳಿ ಪಟ್ಟಿ ಇವತ್ತೇ ಮಾಡೋದು."

"ನಾಲ್ಕು ಗಂಟೆಗೆ ಹೇಳ್ತೀನಿ."

"ನಾಲ್ಕು ಜನ, ನಾಲ್ಕು ಮಾತು, ನಾಲ್ಕು ಗಂಟೆ. ನಿಮ್ಮದೆಲ್ಲ ನಾಲ್ಕಕ್ಕೇ ನಿಲ್ಲುತ್ತಪ್ಪ" ಎಂದು ನಕ್ಕಳು. ಆದರೂ ಅವನ ಅಂಗಿಯ ಕಾಲರನ್ನು ಎರಡು ಸಲ ಸರಿಮಾಡಿದಳು.

ಸಭಾಂಗಣದಲ್ಲಿ ನೂರು ಕುರ್ಚಿ, ಹದಿನೇಳು ಜನ. ಸಂಘಟಕ ಎಲ್ಲರನ್ನೂ ಮುಂದಕ್ಕೆ ಕರೆದು ಕೂರಿಸಿ, ಖಾಲಿ ಸಾಲುಗಳು ಬಾರದಂತೆ ಓರೆಯಿಂದ ಫೋಟೋ ತೆಗೆದ. ಕೂತವರಲ್ಲಿ ಹೆಚ್ಚಿನವರು ಇವನ ವಾಟ್ಸಾಪ್ ಗುಂಪಿನ ಭಾಷಣಕಾರರೇ. ಒಬ್ಬರು ಫೋಟೋ ಹಾಕಿದರೆ ಹತ್ತು ನಿಮಿಷದೊಳಗೆ ಉಳಿದವರು 'ಅದ್ಭುತ' ಎನ್ನಬೇಕೆಂಬುದು ಆ ಗುಂಪಿನ ಕಟ್ಟಳೆ. ಇವನು ಮಾತಾಡುವಾಗ ಅವರು ತಮ್ಮ ಸರದಿಗಾಗಿ ಚೀಟಿ ನೋಡಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು.

ಮೂರನೇ ಸಾಲಿನಲ್ಲಿದ್ದವನು ಮಾತ್ರ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದ. ಫೋನಿನಲ್ಲಿ ನೋಡಿ ಪರಿಚಯವಿದ್ದ ಮುಖ, ಪಂಪ್ ಕಂಪನಿಯವನದೇ. ಇವನು ಮುಕ್ಕಾಲು ಗಂಟೆ ಆ ಪೆನ್ನಿಗಾಗಿಯೇ ಮಾತಾಡಿದ.

ಭಾಷಣ ಮುಗಿದ ಮೇಲೆ ಆ ಮನುಷ್ಯ ತಾನಾಗಿಯೇ ಬಂದು ಎರಡೂ ಕೈಯಲ್ಲಿ ಕಾರ್ಡು ಕೊಟ್ಟ. ಅದರಲ್ಲಿ ಕಂಪನಿಯ ಹೆಸರಿರಲಿಲ್ಲ. ಅವನ ಹೆಸರಿನ ಕೆಳಗೆ 'ಭಾಷಣಕಾರ' ಎಂದಿತ್ತು.

"ಕಂಪನಿ?" ಎಂದ ಇವನು.

"ಬಿಟ್ಟೆ ಸಾರ್, ಹೋದ ತಿಂಗಳು. ದಿನಾ ನಿಮ್ಮ ಫೋಟೋ ನೋಡ್ತಿದ್ದೆ. ಒಂದು ವಾರಾನೂ ಬಿಡುವಿಲ್ಲ, ಎಲ್ಲಿ ನೋಡಿದ್ರೂ ತುಂಬಿದ ಸಭೆ. ಮನೇಲಿ ಒಪ್ಪಿರಲಿಲ್ಲ. ನಿಮ್ಮ ಫೋಟೋಗಳನ್ನ ತೋರಿಸಿಯೇ ಒಪ್ಪಿಸಿದೆ." ದನಿ ತಗ್ಗಿಸಿದ. "ನಿಮಗೆ ಪುರಸೊತ್ತಾಗದೆ ಬಿಟ್ಟದ್ದು ಒಂದೆರಡು ಇದ್ರೆ ನನ್ನ ಕಡೆ ದಾಟಿಸಿ ಸಾರ್."

ವಾಪಸ್ ಹೋಗಿ ಸೇರ್ಕೊಳ್ಳಿ, ಕಾಲು ಹಿಡಿದಾದ್ರೂ ಸೇರ್ಕೊಳ್ಳಿ ಎನ್ನಬೇಕೆಂದು ಇವನು ಬಾಯಿ ತೆರೆದ. ಬಂದದ್ದು "ನೋಡೋಣ ಸಾರ್" ಎಂಬುದಷ್ಟೇ. ಸಂಘಟಕರ ಬಾಯಲ್ಲಿ ಕೇಳಿ ಕೇಳಿ ರೂಢಿಯಾಗಿದ್ದ ಮಾತು ಅದು.

ಆತ ಫೋನು ಎತ್ತಿ ಹಿಡಿದ. "ಒಂದು ಫೋಟೋ ಸಾರ್. ಸ್ವಲ್ಪ ಈ ಕಡೆ ಬನ್ನಿ, ಅಲ್ಲಿ ಖಾಲಿ ಕುರ್ಚಿ ಕಾಣುತ್ತೆ."

ಇವನು ಸರಿದು ನಿಂತ. ಇಬ್ಬರೂ ನಕ್ಕರು.

ನಾಲ್ಕು ಗಂಟೆ ದಾಟಿತ್ತು. ಜೇಬಿನಲ್ಲಿ ಫೋನು ಗುರುಗುಟ್ಟುತ್ತಲೇ ಇತ್ತು. ಅದ್ಭುತ. ಅದ್ಭುತ ಸಾರ್. ಅದ್ಭುತ. ಅವುಗಳ ನಡುವೆ ಹೆಂಡತಿಯದೊಂದು ಸಾಲು: "ಹೇಳ್ಲಾ? ಪಟ್ಟಿ ಬರೀತಿದಾರೆ."

'ಬೇಡ' ಎಂದು ಬರೆದು ಕಳಿಸಿದ.

"ಸರಿ" ಎಂದು ಬಂತು.