ಅಕ್ಕ ಏರಿಸಿ ಹಾಡಿದ ಸ್ವರ

ಮೊನ್ನೆ ವಿನೋಬನಗರದ ನಮ್ಮ ಪಕ್ಕದ ಮನೆಯವರು ಕಿಟಕಿಗೆ ಬಣ್ಣ ಹೊಡೆಸುತ್ತಿದ್ದರು. ಟರ್ಪಂಟೈನ್ ವಾಸನೆ ಮೂಗಿಗೆ ಬಡಿಯುತ್ತಲೇ ಅಕ್ಕ ನೆನಪಾದಳು. ಅವಳಿಗೆ ಆ ವಾಸನೆ ಆಗುತ್ತಿರಲಿಲ್ಲ. "ಹೊರಗೇ ಕೈ ತೊಳ್ಕಂಡು ಬಾರೋ, ಪೇಂಟರ್ ಸಾಹೇಬ" ಎನ್ನುತ್ತಿದ್ದಳು...

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ದಾವಣಗೆರೆಯ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವನು. ಇಂಗ್ಲಿಷ್, ಉರ್ದು ಓದಲು ಬಾರದಿದ್ದರೂ ಕಂಡದ್ದನ್ನು ಕಂಡಂತೆ ಇಳಿಸುತ್ತಿದ್ದೆ. ಹರಿಹರದ ಚರ್ಚಿನಲ್ಲಿ ಹಾಡುವವರಿಗೆ ಅಕ್ಕನೇ ಮುಂದಾಳು. ಐವತ್ತರ ದಶಕದ ಕೊನೆ. ಪೂಜೆಯೆಲ್ಲ ಲ್ಯಾಟಿನ್‌ನಲ್ಲೇ ನಡೆಯುತ್ತಿದ್ದ ಕಾಲ. ನಾನೂರು ವರ್ಷ ಹಳೆಯದೆನ್ನುವ ಒಂದು ಹಾಡಿತ್ತು, ನಾಲ್ಕು ದನಿಗಳು ಒಂದರೊಳಗೊಂದು ಹೆಣೆದುಕೊಳ್ಳುವಂಥದು. ಅದರ ಕೈಬರಹದ ಹಾಳೆ ಜೀರ್ಣವಾಗಿದ್ದರಿಂದ ದೊಡ್ಡ ರಟ್ಟಿನ ಮೇಲೆ ಬರೆದುಕೊಡಲು ಫಾದರ್ ನನಗೆ ಹೇಳಿದರು.

ಬರೆದೆ. ಕೊನೆಯ ಸಾಲಿನ ಒಂದು ಸ್ವರದ ನೆತ್ತಿಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೀಟುಗಳಿದ್ದವು. ಯಾರೋ ಹುಡುಗರು ಚೌಕಾಬಾರದ ಮನೆ ಗೀಚಿದ್ದಾರೆ ಎಂದುಕೊಂಡು ಬಿಟ್ಟುಬಿಟ್ಟೆ. ಆಮೇಲೆ ಬಣ್ಣದ ಡಬ್ಬಿ ಉರುಳಿ ಮೂಲ ಹಾಳೆಯೇ ಹಾಳಾಯಿತು.

ಆ ವರ್ಷ ಹೊಸ ಸಂಗೀತ ಮೇಷ್ಟ್ರು ಬಂದರು. ಕೊನೆಯ ಸಾಲಿನ ಆ ಜಾಗದಲ್ಲಿ ಅಕ್ಕ ಸ್ವರವನ್ನು ಅರ್ಧ ಮೆಟ್ಟಿಲು ಏರಿಸಿ ಹಾಡಿದಳು. ಚಿಕ್ಕಂದಿನಲ್ಲಿ ಕಿವಿಯಿಂದ ಕಲಿತದ್ದೇ ಹಾಗೆ.

"ಏರ್ಸಬ್ಯಾಡ್ರಿ ಅಕ್ಕಾರೆ. ಏರ್ಸೋ ಗುರುತು ಎಲ್ಲೈತೆ ತೋರ್ಸ್ರಿ" ಎಂದ ಮೇಷ್ಟ್ರು ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಸ್ವರ ಬರೆದು, ಪಕ್ಕದಲ್ಲಿ ಗುರುತು ಹಾಕಿದರು. ಅಡ್ಡ ಎರಡು, ಉದ್ದ ಎರಡು...

ನಾನು ಚೌಕಾಬಾರದ ಮನೆ ಎಂದು ಬಿಟ್ಟಿದ್ದ ಗೀಟುಗಳೇ ಅವು. ಹೇಳಬಹುದಿತ್ತು. ಆದರೆ ಅದೇ ಮೇಷ್ಟ್ರು ಎಲ್ಲರೆದುರು, "ಇಂಥ ಬರಹ ಬೆಂಗ್ಳೂರಾಗೂ ಸಿಗಂಗಿಲ್ಲ" ಎಂದು ನನ್ನನ್ನು ಹೊಗಳಿದ್ದರು. ಹೆಚ್ಚು ಓದದ ನನ್ನನ್ನು ಹಾಗೆ ಹೊಗಳಿದವರು ಅವರೊಬ್ಬರೇ. ಬಾಯಿ ಮುಚ್ಚಿಕೊಂಡೆ. ಅಕ್ಕನನ್ನು ಹಿಂದಿನ ಸಾಲಿಗೆ ಹಾಕಿದರು. ಅಲ್ಲಿಂದಲೂ ಅವಳು ಏರಿಸಿಯೇ ಹಾಡಿದಾಗ, ಈಸ್ಟರ್‌ಗೆ ನೀವು ಹಾಡುವುದೇ ಬೇಡ ಎಂದರು.

ಅಕ್ಕ ಅಳಲಿಲ್ಲ. "ಇದಕ್ಕಿಂತ ಹಳೇದು ಎಲ್ಲಾದ್ರೂ ಇರ್ಲೇಬೇಕು, ಹುಡುಕ್ಸಿ ಫಾದರ್" ಎಂದು ಭಾನುವಾರ ಬಂದರೆ ಬೆನ್ನು ಬೀಳುತ್ತಿದ್ದಳು. ಫಾದರ್ ತಮ್ಮ ದೇಶದ ಗೆಳೆಯರಿಗೆ ಬರೆದರು. ಈಸ್ಟರ್ ಇನ್ನೇನು ಬಂತು ಎನ್ನುವಾಗ ಒಂದು ಫೋಟೋ ಬಂತು. ಹಾಡು ಹುಟ್ಟಿದ ಕಾಲದಲ್ಲೇ ಯಾರೋ ಅದನ್ನು ತಂತಿವಾದ್ಯಕ್ಕೆ ಇಳಿಸಿದ್ದ ಹಾಳೆಯದು. ಅದರಲ್ಲಿ ಸ್ವರಗಳೇ ಇಲ್ಲ. ಯಾವ ತಂತಿ, ಅದರ ಯಾವ ಮನೆಯ ಮೇಲೆ ಬೆರಳು ಒತ್ತಬೇಕು, ಅಷ್ಟೇ. ಒಂದು ಮನೆ ಮುಂದೆ ಹೋದರೆ ಸ್ವರ ಅರ್ಧ ಮೆಟ್ಟಿಲು ಏರುತ್ತದೆ. ಬೆರಳಿನ ಜಾಗವನ್ನೇ ಬರೆದಿಟ್ಟ ಮೇಲೆ ಏರಿಸಬೇಕೋ ಬೇಡವೋ ಎಂಬ ಅನುಮಾನವೆಲ್ಲಿ?

ಬ್ಯಾಂಡ್ ಸೆಟ್‌ನಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದ ಸಾಹೇಬರೊಬ್ಬರನ್ನು ಅಕ್ಕ ದಾವಣಗೆರೆಯಿಂದ ಬಸ್ಸು ಹತ್ತಿಸಿಕೊಂಡು ಬಂದಳು. ಫಾದರ್ ಹೇಳಿದಂತೆ ಅವರು ತಂತಿ ಬಿಗಿದು ಹೊಂದಿಸಿದರು. ನಾವೆಲ್ಲ ಸುತ್ತ ನಿಂತಿದ್ದೆವು.

"ಈಗ ಎರಡನೇ ತಂತಿ, ನಾಲ್ಕನೇ ಮನೆ" ಎಂದರು ಫಾದರ್.

ಸಾಹೇಬರು ಮೀಟಿದರು. ಅಕ್ಕನ ಸ್ವರ!

"ಮೂರನೇ ಮನೆ ಇರಬೌದು, ಇನ್ನೊಮ್ಮೆ ನೋಡ್ರಿ" ಎಂದರು ಮೇಷ್ಟ್ರು.

ಸಾಹೇಬರು ಎರಡನ್ನೂ ನುಡಿಸಿ ತೋರಿಸಿ ನಕ್ಕರು. "ಮೇಷ್ಟ್ರೇ, ನೀವು ಹೇಳೋ ಮನೆಗೆ ಹೋದ್ರೆ ಈ ಹಾಡು ಬಾಗ್ಲೇ ತೆಗೆಯಂಗಿಲ್ಲ ಬಿಡ್ರಿ!"

ಚರ್ಚಿನಲ್ಲಿ ಅಂಥ ನಗು ನಾನು ಮತ್ತೆ ಕೇಳಿಲ್ಲ. ಮೇಷ್ಟ್ರೂ ನಕ್ಕು ಪಕ್ಕಕ್ಕೆ ಸರಿದರು. "ಮುಂದೆ ಬರ್ರಿ ಅಕ್ಕಾರೆ" ಎಂದರು.

ರಟ್ಟಿನ ಮೇಲೆ ಗುರುತು ಹಾಕಲು ನನ್ನನ್ನೇ ಕರೆದರು. ಕೈ ತನ್ನಷ್ಟಕ್ಕೆ ಹಿಂದೆ ಕಂಡಿದ್ದ ಜಾಗಕ್ಕೇ ಓಡಿತು. ಅಕ್ಕ ಪಕ್ಕದಲ್ಲೇ ಇದ್ದಳು.

"ಮೇಷ್ಟ್ರು ಪಕ್ಕಕ್ಕಲ್ವೇನೋ ಹಾಕಿದ್ದು? ನೀನು ಮ್ಯಾಲೆ ಯಾಕ ಹಾಕ್ದಿ?"

ನಾನು ಕುಂಚ ಒರೆಸುತ್ತ ನಿಂತೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬಿಡು, ಚಂದ ಐತೆ" ಎಂದಳು. ಮತ್ತೆಂದೂ ಕೇಳಲಿಲ್ಲ. ಈಸ್ಟರ್ ದಿನ ಮುಂದಿನ ಸಾಲಿನಲ್ಲಿ ನಿಂತು ಅವಳು ಆ ಸ್ವರ ಏರಿಸಿದಾಗ ನದಿಯ ಆಚೆ ದಡಕ್ಕೂ ಕೇಳಿರಬೇಕು...

ಅಕ್ಕನನ್ನು ಮಣ್ಣಿಗಿಟ್ಟ ದಿನ ಈಗಿನ ಹುಡುಗ ಹುಡುಗಿಯರು ಅದೇ ಹಾಡು ಹಾಡಿದರು. ಆ ಜಾಗ ಬಂದಾಗ ಒಬ್ಬರೂ ಅನುಮಾನಿಸದೆ ಏರಿಸಿದರು. ಅಲ್ಲೊಂದು ಜಗಳ ನಡೆದಿತ್ತೆಂಬುದೂ ಅವರಿಗೆ ಗೊತ್ತಿಲ್ಲ. ಅವರ ಜೊತೆ ನಾನೂ ಹಾಡುತ್ತಿದ್ದೆ. ನನ್ನೊಬ್ಬನ ದನಿ ಮಾತ್ರ ಅಲ್ಲಿಗೆ ಏರಲಿಲ್ಲ.