ಬೆಂಗಾವಲು ಹಡಗಿನ ವಿಲ್ಲೆಮ್ ಅಜ್ಜ

ತೊಂಬತ್ತಾರರಲ್ಲೂ ವಿಲ್ಲೆಮ್ ಅಜ್ಜ ಹೆಜ್ಜೆಯ ಸದ್ದಿನಲ್ಲೇ ಜನರನ್ನು ಗುರುತಿಸುತ್ತಿದ್ದರು. ನೆದರ್ಲೆಂಡ್ಸ್‌ನ ವೂರ್‌ಬರ್ಗ್‌ನಲ್ಲಿ ನಮ್ಮ ಎದುರು ಬಾಗಿಲು ಅವರದು. ಲಾಕ್‌ಡೌನ್ ದಿನಗಳಲ್ಲಿ ನಾನು ಹಾಲು, ಬ್ರೆಡ್ಡು ತಂದು ಹೊಸ್ತಿಲಲ್ಲಿಡಲು ಹೋದರೆ, ಬೆಲ್ ಒತ್ತುವ ಮೊದಲೇ ಒಳಗಿನಿಂದ ಮಾತು ಬರುತ್ತಿತ್ತು: "ಇವತ್ತು ನಿನ್ನ ಬಲ ಮಂಡಿ ನೋಯ್ತಿದೆ, ಅಲ್ವಾ?" ನಿಜಕ್ಕೂ ನೋಯುತ್ತಿರುತ್ತಿತ್ತು.

ಆ ಕಿವಿ ಎರಡನೇ ಮಹಾಯುದ್ಧದ ಕಾಲದಲ್ಲಿ ಪಳಗಿದ್ದು. ಹದಿನೆಂಟರಲ್ಲೇ ಅವರು ಸರಕು ಹಡಗುಗಳಿಗೆ ಬೆಂಗಾವಲಾಗಿ ಹೋಗುವ ಪುಟ್ಟ ನೌಕೆಯೊಂದನ್ನು ಸೇರಿದ್ದರು. ನೀರಿನಡಿ ಶತ್ರುವಿನ ಸಬ್‌ಮರೀನ್ ಇದೆಯೇ ಎಂದು ಯಂತ್ರಕ್ಕೆ ಕಿವಿಗೊಟ್ಟು ಕೂರುವುದು ಅವರ ಕೆಲಸ. ಹಡಗಿನ ಬಟಾಣಿ ಸಾರು, ಕ್ಯಾಪ್ಟನ್ನನ ಬೆಕ್ಕು, ಇವುಗಳ ಕತೆ ಎಷ್ಟು ಬೇಕಾದರೂ ಹೇಳುತ್ತಿದ್ದರು. ಯುದ್ಧದ ಬಗ್ಗೆ ಕೇಳಿದರೆ ಮಾತ್ರ, "ಸಮುದ್ರ ಒದ್ದೆಯಾಗಿತ್ತು" ಎಂದು ಮುಗಿಸಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಬಾಗಿಲೊಳಗೆ ಕುರ್ಚಿಯಲ್ಲಿ, ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆವು. ಇದ್ದಕ್ಕಿದ್ದಂತೆ ತಮ್ಮ ನಿಧಾನದ ಡಚ್‌ನಲ್ಲಿ ಹೇಳಿದರು: "ಒಂದು ಬೆಳಿಗ್ಗೆ ಡ್ಯೂಟಿಯಲ್ಲಿ ತೂಕಡಿಸಿದೆ. ಎರಡೇ ನಿಮಿಷ. ಕಣ್ಣು ಬಿಟ್ಟಾಗ ಕೊನೇ ಸರಕು ಹಡಗು ಉರೀತಿತ್ತು. ನಾವು ನಿಲ್ಲಲಿಲ್ಲ. ನಿಲ್ಲಬಾರದು ಅಂತ ಆರ್ಡರ್."

ಮುಂದಿನ ಬಂದರಿನಲ್ಲಿ ಜ್ವರ ಹಿಡಿದು ಆಸ್ಪತ್ರೆ ಸೇರಿದ ಅಜ್ಜ ಮತ್ತೆ ಆ ನೌಕೆಗೆ ಹೋಗಲೇ ಇಲ್ಲ. ಸತ್ತವರೆಷ್ಟು ಎಂದು ಯಾರನ್ನೂ ಕೇಳಲೂ ಇಲ್ಲ. "ಕೇಳಿದ್ರೆ ಯಾರಾದ್ರೂ ಹೇಳಿಬಿಡ್ತಾರಲ್ಲ," ಎಂದರು.

ಆ ನೌಕೆಯ ದಿನವಹಿ ದಾಖಲೆಯನ್ನು ನೌಕಾಪಡೆಯ ಕಚೇರಿಯಿಂದ ತರಿಸಬಹುದೆಂದು ನನಗೆ ತಿಳಿಯಿತು. ನನ್ನ ಗಂಡ ಶರತ್ ತಡೆದ: "ಸುಮ್ನೆ ಯಾಕೆ ಕೆದಕ್ತೀಯ? ರಿಪೋರ್ಟ್‌ನಲ್ಲಿ ಕೆಟ್ಟದ್ದೇ ಇದ್ರೆ ಈ ಏಜ್‌ನಲ್ಲಿ ಅವ್ರು ತಡ್ಕೋತಾರಾ?" ಅವನ ಮಾತೂ ಸರಿಯೆನಿಸಿ ಅಜ್ಜನನ್ನೇ ಕೇಳಿದೆ. ಮೂರನೆಯ ದಿನ ಅಂದರು: "ತರಿಸು. ಆದ್ರೆ ಮೊದಲೇ ಓದ್ಕೋಬೇಡ. ನನ್ನೆದುರಿಗೇ ಓದು."

ಸ್ಕ್ಯಾನ್ ಮಾಡಿದ ಪುಟಗಳು ಬರಲು ಕೆಲವು ವಾರ ಹಿಡಿಯಿತು. ಮಾಸ್ಕ್ ಹಾಕಿಕೊಂಡು ಅದೇ ಮೆಟ್ಟಿಲ ಮೇಲೆ ಕೂತೆ. ಬಂದರುಗಳು, ಗಾಳಿಯ ದಿಕ್ಕು, ರಿಪೇರಿಗಳು, ಹೀಗೆ ಓದುತ್ತ ಹೋದಂತೆ ಆ ಬೆಳಗೂ ಬಂತು. ಸರಕು ಹಡಗಿಗೆ ಪೆಟ್ಟು. ಮುಂದಿನ ಸಾಲು: ಸಿಬ್ಬಂದಿ ದೋಣಿಗಳಿಗಿಳಿದರು. ಹಿಂದಿದ್ದ ಇನ್ನೊಂದು ಬೆಂಗಾವಲು ನೌಕೆ ಮಧ್ಯಾಹ್ನ ಎಲ್ಲರನ್ನೂ ಎತ್ತಿಕೊಂಡಿತು. ಪ್ರಾಣಹಾನಿ ಇಲ್ಲ.

"ಎಲ್ಲರನ್ನೂ?"

"ಎಲ್ಲರನ್ನೂ."

"ಇನ್ನೊಂದ್ಸಲ ಓದು."

ನಾಲ್ಕು ಸಲ ಓದಿಸಿದರು. ಆಮೇಲೆ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಹೋಗಿ ಭುಜ ಹಿಡಿಯುವಂತಿರಲಿಲ್ಲ. ಒಂದೂವರೆ ಮೀಟರ್ ದೂರದಲ್ಲಿ ಕೂತು ನಾನೂ ಅತ್ತೆ. ಕೈ ತೆಗೆದಾಗ ನಗುತ್ತಿದ್ದರು. "ತೂಕಡಿಸಿದ್ದು ತಪ್ಪೇ," ಎಂದರು. "ಆದ್ರೆ ಅವರೆಲ್ಲ ಮನೆಗೆ ಹೋದ್ರು!"

ಮರುವರ್ಷ, ಲಸಿಕೆಯಾದ ಮೇಲೆ, ಅಜ್ಜನ ಮಗಳು ಬಂದು ಅವರನ್ನು ತಮ್ಮೂರು ಹಾರ್ಲೆಮ್‌ಗೆ ಕರೆದೊಯ್ದರು. ಆ ಚಳಿಗಾಲದಲ್ಲಿ ಅಜ್ಜ ಅಲ್ಲೇ ತೀರಿಕೊಂಡರಂತೆ. ನಾನು ಕೊನೆಯದಾಗಿ ಕಂಡದ್ದು ಹೊರಟ ದಿನ, ಕಾರಿನಲ್ಲಿ. ಕೂತ ಕೂಡಲೇ ಮಗಳಿಗೆ ಉರಿದ ಆ ಹಡಗಿನ ವಿಷಯ ಹೇಳಲು ಶುರುಮಾಡಿದ್ದರು. ಸೀಟ್‌ಬೆಲ್ಟ್ ಹಾಕಲು ಬಗ್ಗಿದ ಆಕೆ ಬೆಲ್ಟ್ ಹಿಡಿದುಕೊಂಡು ಹಾಗೇ ಕೇಳುತ್ತ ನಿಂತಿದ್ದರು.