ಫ್ಲೆಕ್ಸ್‌ನಲ್ಲಿ ಅಣ್ಣನ ಮುಖ

ಮನುಷ್ಯರ ತಲೆ ಕತ್ತರಿಸುವುದನ್ನು ನಾನು ಕಲಿತದ್ದು ಚಾಮರಾಜಪೇಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಬೆಳಿಗ್ಗೆ ಬಸವನಗುಡಿಯಲ್ಲಿ ಬಿ.ಕಾಂ. ಕ್ಲಾಸು, ಮಧ್ಯಾಹ್ನ ಊಟವಾದ ಮೇಲೆ ಅಂಗಡಿ. ಫೋಟೋ ತೆಗೆಯುವ ಹುಚ್ಚು ಹತ್ತಿತ್ತು, ಕ್ಯಾಮೆರಾ ಇರಲಿಲ್ಲ. ಅಂಗಡಿಯ ಓನರ್ ತನ್ನದನ್ನೇ ಕೈಗೆ ಕೊಟ್ಟು, ಗೋಡೆಗೆ ಹಸಿರು ಬಟ್ಟೆ ಕಟ್ಟಿ, ಬಂದವರನ್ನು ಅದರ ಮುಂದೆ ನಿಲ್ಲಿಸು ಎಂದ.

ಬರುತ್ತಿದ್ದವರು ಏರಿಯಾದ ಲೀಡರ್‌ನ ಹುಡುಗರು. ಅವನ ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ಅವನ ದೊಡ್ಡ ಮುಖದ ಕೆಳಗೆ ತಮ್ಮ ಸಣ್ಣ ಮುಖ ಸಾಲಾಗಿ ಬರಬೇಕು, ಅಷ್ಟೇ ಅವರ ಆಸೆ. ಕಂಪ್ಯೂಟರ್‌ನಲ್ಲಿ ಕಿವಿ, ಕೂದಲು, ಗಡ್ಡದ ಅಂಚಿನುದ್ದಕ್ಕೂ ಗೆರೆ ಎಳೆದು ತಲೆಯನ್ನು ಬಿಡಿಸಿ ತೆಗೆಯಬೇಕು. "ತಲೆ ಕುಯ್ಯೋವಾಗ ಕೈ ನಡುಗ್ಬಾರ್ದು ಮಗಾ," ಎನ್ನುತ್ತಿದ್ದ ಓನರ್. ಎಲ್ಲರಿಗೂ ಬೆಳ್ಳಗಾಗಬೇಕು. ಕೈ ಮುಗಿದ ಫೋಟೋ ಇಲ್ಲದವರಿಗೆ ಬೇರೆ ಮೈ ಅಂಟಿಸುತ್ತಿದ್ದೆವು. ಆ ಮೈ ನನ್ನದು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಯಾರ್ಯಾರದೋ ತಲೆ ಹೊತ್ತು, ಬಿನ್ನಿಪೇಟೆಯವರೆಗೂ ಕಂಬ ಕಂಬದ ಮೇಲೆ ನಾನೇ ನಮಸ್ಕಾರ ಮಾಡುತ್ತಿದ್ದೆ.

ಆ ಮುಖಗಳನ್ನು ಇನ್ನೊಂದು ಗುಂಪಿನವರೂ ನೋಡುತ್ತಿದ್ದರು. ಒಂದು ಸೈಟಿನ ವಿಚಾರಕ್ಕೆ ಅವರಿಗೂ ಲೀಡರ್‌ಗೂ ಹತ್ತಿಕೊಂಡಿತ್ತು. ಲೀಡರ್‌ನನ್ನು ಮುಟ್ಟುವ ಧೈರ್ಯ ಅವರಿಗಿರಲಿಲ್ಲ. ಹಾಗಾಗಿ ಫ್ಲೆಕ್ಸ್‌ನ ಕೆಳಗಿನ ಸಾಲನ್ನು ಮೊಬೈಲ್‌ನಲ್ಲಿ ಹಿಡಿದುಕೊಂಡು ಬಂದು, ಮುಖ ತಾಳೆ ನೋಡಿ, ಒಬ್ಬೊಬ್ಬರನ್ನೇ ಬಡಿಯುತ್ತಿದ್ದರು. ಟೀ ಅಂಗಡಿಯ ಮುಂದೆ ಒಬ್ಬನನ್ನು ಹಾಡಹಗಲೇ ಕೆಡವಿ ತುಳಿದದ್ದನ್ನು ನಾನು ನೋಡಿದೆ. ಅವನ ಕಿವಿ ಅರ್ಧ ಕಿತ್ತು ಜೋತಾಡುತ್ತಿತ್ತು. ಆ ಕಿವಿಯ ಸುತ್ತ ಗೆರೆ ಎಳೆಯಲು ನಾನು ಒಂದು ಮಧ್ಯಾಹ್ನವಿಡೀ ಒದ್ದಾಡಿದ್ದೆ.

ಅಮ್ಮನಿಗೆ ವಿಷಯ ಗೊತ್ತಾಗಿ ಅಂದು ನನ್ನ ಕೈ ಹಿಡಿದುಕೊಂಡಳು. "ನಿಮ್ಮಣ್ಣನ್ ಮುಖ ಮಾತ್ರ ಹಾಕ್ಬೇಡ ಕಣೋ. ಅಪ್ಪ ಇಲ್ದಿರೋ ಮನೆ ಇದು."

ಅಣ್ಣ ಡಿಗ್ರಿ ಅರ್ಧಕ್ಕೆ ಬಿಟ್ಟು ಲೀಡರ್‌ನ ಹಿಂದೆ ಬಿದ್ದಿದ್ದ. ರಸ್ತೆಯಲ್ಲಿ ಹೋಗುವಾಗ ನಾಲ್ಕು ಜನ ಗುರುತು ಹಿಡಿಯಬೇಕು ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಕನಸಿರಲಿಲ್ಲ. ಮುಂದಿನ ಫ್ಲೆಕ್ಸ್‌ಗೆ ಮುಖ ಕೊಡಲು ಅಂಗಡಿಗೆ ಬಂದ. ಜಾಗ ಇಲ್ಲ ಎಂದೆ, ಫೈಲ್ ಹಾಳಾಗಿದೆ ಎಂದೆ. ಕಾಲರ್ ಹಿಡಿದು ನನ್ನ ತಲೆಯನ್ನು ಪ್ರಿಂಟರ್‌ನ ಕಬ್ಬಿಣಕ್ಕೆ ಅಪ್ಪಳಿಸಿದ. ಮೂಗಿನಿಂದ ರಕ್ತ ಇಳಿದು ಬಾಯಿಗೆ ಬಂತು. "ತಮ್ಮ ಅಂತ ಬಿಟ್ಟಿದೀನಿ. ನನ್ ಮುಖ ಬರ್ಲೇಬೇಕು," ಎಂದ.

ಹಾಕಿದೆ. ಆದರೆ ಕಲಿತ ವಿದ್ಯೆಯನ್ನೆಲ್ಲ ಆ ಮುಖದ ಮೇಲೆ ಸುರಿದೆ. ಅಪ್ಪನಿಂದ ಬಂದ ಅಗಲ ಮೂಗನ್ನು ಒತ್ತಿ ನೀಳ ಮಾಡಿದೆ. ದವಡೆ ಸವರಿದೆ. ಹುಬ್ಬಿನ ಮೇಲಿನ ಗಾಯದ ಗುರುತು ಅಳಿಸಿದೆ, ಕಣ್ಣುಗಳ ನಡುವಿನ ದೂರವನ್ನೇ ಬದಲಿಸಿದೆ, ಕೊನೆಗೆ ಹಾಲಿನಂತೆ ಬೆಳ್ಳಗೆ ಮಾಡಿದೆ. ಹೆತ್ತವಳಿಗೂ ಗುರುತು ಸಿಗಬಾರದು ಎನ್ನುವುದೇ ನನ್ನ ಗುರಿ. ಅಮ್ಮನಿಗೆ ತೋರಿಸಿದರೆ, "ಯಾರೋ ಇದು?" ಎಂದಳು. ಹೇಳಿದಾಗ ಅತ್ತುಬಿಟ್ಟಳು, ಸಮಾಧಾನಕ್ಕೆ. ಅಣ್ಣ ಮಾತ್ರ, "ಹೀರೋ ಥರ ಇದೀನಿ ಕಣೋ," ಎಂದು ನನ್ನ ಬೆನ್ನು ತಟ್ಟಿದ.

ಫ್ಲೆಕ್ಸ್ ಮೇಲೇರಿತು. ಮಾರನೇ ದಿನ ಅವನು ಕುದಿಯುತ್ತಾ ಬಂದ. ಜೊತೆಯವರೆಲ್ಲ, "ಎಲ್ಲೋ ನೀನು? ಎಲ್ಲೂ ಕಾಣ್ತಾನೇ ಇಲ್ವಲ್ಲ," ಎಂದು ಆಡಿಕೊಂಡಿದ್ದರಂತೆ. ಬೇರೆ ಹಾಕು ಎಂದು ನನ್ನ ಕುರ್ಚಿಗೆ ಒದೆಯುತ್ತಿದ್ದಾಗಲೇ ಆ ಇನ್ನೊಂದು ಗುಂಪಿನವರು ಒಳಗೆ ಬಂದರು. ಮೂವರು. ಒಬ್ಬನ ಕೈಯಲ್ಲಿ ಮೊಬೈಲು, ಇನ್ನೊಬ್ಬನ ಅಂಗಿಯೊಳಗೆ ಮಚ್ಚು. ಮೂರನೆಯವನು ಶಟರ್ ಅರ್ಧ ಎಳೆದ.

ಮೊಬೈಲಿನವನು ಫ್ಲೆಕ್ಸ್‌ನ ಚಿತ್ರವನ್ನು ಓನರ್ ಮುಖದ ಪಕ್ಕ ಹಿಡಿದ, ನನ್ನ ಮುಖದ ಪಕ್ಕ ಹಿಡಿದ. ಅಣ್ಣನ ಪಕ್ಕ ತುಸು ಹೊತ್ತು ಹಿಡಿದು ನೋಡಿದ. "ಇವ್ನಲ್ಲ ಬಾರೋ," ಎಂದು ತಿರುಗಿದ.

"ಯಾಕೋ, ಕಣ್ ಕಾಣಲ್ವಾ?" ಎಂದ ಅಣ್ಣ. "ಅದು ನಾನೇ."

ಅವರಿಗೆ ನಂಬಿಕೆಯೇ ಬರಲಿಲ್ಲ. "ಈ ಮೂತಿನಾ?" ಎಂದು ಒಬ್ಬ ನಕ್ಕ. ಆ ನಗು ಅಣ್ಣನಿಗೆ ಸಹಿಸಲಾಗಲಿಲ್ಲ. ಮೊಬೈಲ್ ಕಿತ್ತುಕೊಂಡು, ತನ್ನ ಕುತ್ತಿಗೆಯ ಸರವನ್ನೂ ಚಿತ್ರದಲ್ಲಿದ್ದ ಸರವನ್ನೂ ಬೆರಳಿಟ್ಟು ತೋರಿಸಿದ. ಆ ಸರವನ್ನು ಮಾತ್ರ ನಾನು ಬದಲಿಸಿರಲಿಲ್ಲ.

ಮಚ್ಚು ಅವನ ಕೆನ್ನೆಗೆ ಬಿತ್ತು. ಹಸಿ ತೆಂಗಿನಕಾಯಿ ಸೀಳುವಾಗಿನ ಸದ್ದು. ಕೆನ್ನೆ ತೆರೆದುಕೊಂಡು ಒಳಗಿನ ಹಲ್ಲು ಕಂಡಿತು. ಅಣ್ಣ ಹಸಿರು ಬಟ್ಟೆಯನ್ನು ಹಿಡಿದುಕೊಂಡೇ ಕುಸಿದ, ಬಟ್ಟೆ ಅವನ ಮೇಲೆ ಬಿತ್ತು, ಆ ಬಟ್ಟೆಯ ಮೇಲೆಯೇ ಒದ್ದರು. ನಾನು ಟ್ರೈಪಾಡ್ ಎತ್ತಿ ಕೈಗೆ ಸಿಕ್ಕವನ ಮೊಣಕಾಲಿಗೆ ಬೀಸಿದೆ, ಮೂಳೆ ಮುರಿದದ್ದು ನನ್ನ ಅಂಗೈಗೇ ಗೊತ್ತಾಯಿತು. ಖುಷಿಯಾಯಿತು. ಆಮೇಲೆ ನನ್ನ ಪಕ್ಕೆಗೂ ಒದೆ ಬಿತ್ತು. ಓನರ್ ಶಟರ್ ಎತ್ತಿ ಬೀದಿಗೆ ಕೂಗಿದ ಮೇಲೆ, ಕಾಲು ಮುರಿದವನನ್ನು ಎಳೆದುಕೊಂಡು ಅವರು ಓಡಿದರು. ಅಣ್ಣನ ಮೇಲೆ ಬಂದಷ್ಟು ಸಿಟ್ಟು ನನಗೆ ಮಚ್ಚು ಬೀಸಿದವನ ಮೇಲೂ ಬರಲಿಲ್ಲ.

ಆಸ್ಪತ್ರೆಯಿಂದ ಬಂದಾಗ ಅವನ ಮುಖದಲ್ಲಿ ಕಿವಿಯಿಂದ ತುಟಿಯವರೆಗೆ ಹೊಲಿಗೆ. ಓನರ್‌ನ ಕ್ಯಾಮೆರಾ ತಗೊಂಡು ಬಾ ಎಂದ ಅಣ್ಣ. ಪೊಲೀಸ್ ದೂರಿಗೆ ಬೇಕೇನೋ ಎಂದುಕೊಂಡು ತಂದೆ. ಮಂಚದ ಮೇಲೆ ಒರಗಿ ಕೂತು, ಹೊಲಿಗೆಯ ಕೆನ್ನೆಯನ್ನು ನನ್ನ ಕಡೆ ತಿರುಗಿಸಿ, "ನೆಕ್ಸ್ಟ್ ಫ್ಲೆಕ್ಸ್‌ಗೆ ಇದನ್ನೇ ಹಾಕು. ಏನೂ ಎಡಿಟ್ ಮಾಡ್ಬೇಡ. ಎಲ್ರಿಗೂ ಗೊತ್ತಾಗ್ಲಿ," ಎಂದ.

ಇನ್ನೊಂದು ಕೆನ್ನೆಗೆ ಬಾರಿಸಿದೆ. ಹೊಲಿಗೆಯ ಕಡೆಯಿಂದ ರಕ್ತ ಜಿನುಗಿತು. "ಇದನ್ನೂ ತೆಗಿ," ಎಂದು ನಕ್ಕ.

ಅಡುಗೆಮನೆಯಿಂದ ಅಮ್ಮ ಬಂದಳು. ಸೆರಗಿನಲ್ಲಿ ಅವನ ರಕ್ತ ಒರೆಸಿದಳು. ಆಮೇಲೆ ಅವನ ಪಕ್ಕದಲ್ಲೇ ಕೂತು, ಕೂದಲು ಸರಿ ಮಾಡಿಕೊಂಡು, ಫ್ಲೆಕ್ಸ್‌ನವರ ಹಾಗೆ ಎರಡೂ ಕೈ ಮುಗಿದಳು.

"ತೆಗಿ," ಎಂದಳು ನನಗೆ. "ಇವ್ನ ಪಕ್ಕದಲ್ಲೇ ನನ್ ಮುಖಾನೂ ಹಾಕು. ಬೆಳ್ಳಗೆ ಮಾಡ್ಬೇಡ. ಹುಡುಕ್ಕೊಂಡ್ ಬರೋರಿಗೆ ನನ್ ಗುರುತೂ ಸಿಗ್ಲಿ."

ಕ್ಯಾಮೆರಾ ಎತ್ತಿದೆ. ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಣ್ಣ ನಿಧಾನಕ್ಕೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.